ಆರ್‌ಸಿ ಕಳೆದ ಜಾಗ

"ಬರಿಯಮ್ಮ, ಕುಡಿದ ಅಮಲಲ್ಲಿ ಕಳ್ಕೊಂಡೆ ಅಂತ ಬರಿ. ನಿಮ್ಮಪ್ಪ ಬೋಳೀಮಗ ಇನ್ನೆಲ್ಲಿ ಕಳ್ಕೋತಾನೆ?"

ವಾಹನ ಕಚೇರಿಯ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಹೇಳಿದರು. ಗುಮಾಸ್ತ ಕಿಸಕ್ಕನೆ ನಕ್ಕ. ಟ್ಯಾಂಕಿಯೂ ನಕ್ಕ. ನಕ್ಕ ಮೇಲೆ ಮಗಳ ಮುಖ ನೋಡಲಾಗದೆ ತಲೆ ತಗ್ಗಿಸಿದ. ಹಾಳಾದ ನಗು, ದೊಡ್ಡವರು ಬೈದಾಗೆಲ್ಲ ತಾನಾಗಿಯೇ ಬಂದುಬಿಡುತ್ತದೆ.

ಮನೆಮನೆಯ ಕಕ್ಕಸು ಗುಂಡಿ ಎಳೆಯುವ ಹಳೇ ಟ್ಯಾಂಕರ್ ಅವನದು. ಅದಕ್ಕೇ ಊರೆಲ್ಲ ಅವನನ್ನು ಟ್ಯಾಂಕಿ ಎನ್ನುವುದು. ಗಾಡಿ ತನ್ನದೆನ್ನುವ ಆರ್‌ಸಿ ಕಾಗದ ಇಲ್ಲವೆಂದು ಪೊಲೀಸರು ಅದನ್ನು ಹಿಡಿದು ಠಾಣೆಯ ಅಂಗಳದಲ್ಲಿ ನಿಲ್ಲಿಸಿ ಒಂಬತ್ತು ದಿನವಾಯಿತು. ಬದಲಿ ಆರ್‌ಸಿ ಸಿಗದೆ ಗಾಡಿ ಈಚೆ ಬರದು, ಗಾಡಿ ಬರದೆ ಮನೆಯ ಒಲೆ ಹೊತ್ತದು. ಬೆಳಿಗ್ಗೆ ನಾಲ್ಕು ಸಲ ಸೋಪು ತಿಕ್ಕಿ ಮಿಂದು, ಇಸ್ತ್ರಿ ಅಂಗಿ ತೊಟ್ಟು, ಕಾಲೇಜು ಓದುವ ಮಗಳನ್ನು ಅರ್ಜಿ ತುಂಬಿಸಲು ಕರೆತಂದಿದ್ದ. ಏನು ಮಿಂದರೇನು, ಗುಮಾಸ್ತ ಅರ್ಜಿಯನ್ನು ಕೈಗೆ ಕೊಡದೆ ನೆಲಕ್ಕೆಸೆದು ಕಾಲಿನಿಂದ ತಳ್ಳಿದ್ದ. ಮಗಳೇ ಬಗ್ಗಿ ಎತ್ತಿಕೊಂಡಿದ್ದಳು.

ಎಲ್ಲ ತುಂಬಿಯಾಗಿತ್ತು, ಒಂದು ಸಾಲು ಬಿಟ್ಟು. ಕಳೆದ ಜಾಗ ಯಾವುದು, ಹೇಗೆ ಕಳೆಯಿತು.

ಟ್ಯಾಂಕಿಗೆ ಅದು ಚೆನ್ನಾಗಿಯೇ ಗೊತ್ತು. ಇದೇ ಸಾಹೇಬರ ಮನೆಯ ಹಿತ್ತಿಲ ಗುಂಡಿ. ತಳದಲ್ಲಿ ಗಟ್ಟಿಕಟ್ಟಿದ್ದನ್ನು ಪೈಪು ಎಳೆಯಲಿಲ್ಲ. ನೆಂಟರು ಬರುವ ಹೊತ್ತು, ಇಳಿದು ಕಲಕೋ ಎಂದು ದಡದಲ್ಲಿ ನಿಂತು ಗದರಿದವರು ಸಾಹೇಬರೇ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆರ್‌ಸಿ ಒಳಗೆ ಜಾರಿತು. ಎದೆಮಟ್ಟ ನಿಂತು ತಡಕಿದ್ದ, ಉಸಿರು ಕಟ್ಟಿ ಮೇಲೆ ಬಂದಿದ್ದ. ಹೇಳಲು ಬಾಯಿ ತೆರೆದರೆ, ಮೊದಲು ಗೇಟಿನಾಚೆ ತೊಲಗು ಎಂದಿದ್ದರು. ಅವನ ಮುಖ ಈಗ ಸಾಹೇಬರಿಗೆ ನೆನಪಿಲ್ಲ.

ಹೇಳಿಬಿಡಬಹುದಿತ್ತು. ಆದರೆ ಅಪ್ಪ ಗಾಡಿ ಓಡಿಸುತ್ತಾನೆ, ಪಂಪು ಹಾಕುತ್ತಾನೆ, ಅಷ್ಟೇ ಎಂದು ಮಗಳು ನಂಬಿದ್ದಳು. ಹಾಗೆ ನಂಬಿಸಿದವನು ಅವನೇ. ಗುಂಡಿಗಿಳಿಯುವ ಅಪ್ಪ ಎನಿಸಿಕೊಳ್ಳುವುದಕ್ಕಿಂತ ಕುಡುಕ ಅಪ್ಪನಾಗುವುದೇ ವಾಸಿ ಎನಿಸಿತು, ಒಂದು ತೊಟ್ಟೂ ಮುಟ್ಟದ ಆ ಮನುಷ್ಯನಿಗೆ.

"ಸಾಹೇಬ್ರು ಹೇಳ್ದಂಗೇ ಬರ್ದ್ಬಿಡು ಮಗಾ," ಎಂದ.

ಅವಳು ಬರೆಯಲಿಲ್ಲ. "ನೀನು ಕುಡಿಯಲ್ಲ ಅಪ್ಪ. ಎಲ್ಲಿ ಕಳೀತು ಹೇಳು."

ಸಾಹೇಬರು ಗಡಿಯಾರ ನೋಡಿಕೊಂಡರು. "ಇವಳಿಗೂ ಕುಡಿಸ್ಕೊಂಡು ಬಂದಿದ್ದೀಯೇನೋ?"

ಟ್ಯಾಂಕಿಯ ಕಿವಿ, ಕತ್ತು ಎಲ್ಲ ಕೆಂಡವಾಯಿತು. ನಾಚಿಕೆಯಿಂದ ಸತ್ತೇ ಹೋಗುತ್ತೇನೆ ಎನಿಸಿತು. ಮಗಳ ಕಡೆ ತಿರುಗದೆ, ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳುವಂತೆ ಹೇಳಿದ.

"ಬರಿ. ಸಾಹೇಬ್ರ ಮನೆ ಕಕ್ಕಸು ಗುಂಡೀಲಿ. ನಾನು ಒಳಗಿಳಿದು ಇವರ ಹೇಲು ಕಲಕ್ತಿದ್ದಾಗ ಬಿತ್ತು. ಮೇಲೆ ನಿಂತು ಇಳಿಸಿದ್ದು ಇವರೇ ಅಂತಾನೂ ಬರಿ."

ಸಾಹೇಬರು ಅರ್ಜಿಗೆ ಕೈಚಾಚಿದರು. ಮಗಳು ಅದನ್ನು ತನ್ನತ್ತ ಎಳೆದುಕೊಂಡು ಬರೆಯತೊಡಗಿದಳು. ತಲೆ ಎತ್ತದೆಯೇ ಮೆಲ್ಲಗೆ ಕೇಳಿದಳು.

"ಎಷ್ಟು ಸಲ ಇಳಿದಿದ್ದೀಯಪ್ಪ?"

"ಮೊದ್ಲು ಇದೊಂದು ಬರಿ," ಎಂದ.