ಅರ್ಧ ಅಳತೆಯ ಯೀಸ್ಟ್

ಹಣ್ಣಿನ ನೊಣಗಳಿಗೆ ಅಡುಗೆ ಮಾಡಿ ಹಾಕುವುದೂ ಒಂದು ನೌಕರಿಯೇ. ಹನ್ನೊಂದು ವರ್ಷದಿಂದ ಅವಳು ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಯೀಸ್ಟ್ ಕುದಿಸಿ ಸೀಸೆಗಳಿಗೆ ಸುರಿಯುತ್ತಿದ್ದಳು. ನೊಣ ಅಂದರೆ ನೊಣ, ಅಷ್ಟೇ. ತಮ್ಮನಿಗೆ ರಕ್ತದ ಕ್ಯಾನ್ಸರ್ ಬಂದ ಮೇಲೆ ಹಾಗಿರಲಿಲ್ಲ.

ಅವನ ಮೈಯಲ್ಲಿ ರಕ್ತದ ಕಣಗಳು ಬಲಿಯುತ್ತಿರಲಿಲ್ಲ. ಎಳೆಯವಾಗಿಯೇ ಉಳಿದು ಮಿತಿಯಿಲ್ಲದೆ ಹುಟ್ಟುತ್ತಿದ್ದವು. ಔಷಧಿಗಳೆಲ್ಲ ಸೋತಿದ್ದವು. ಪ್ರಯೋಗಾಲಯದ ಮೇಡಂ ಹುಡುಕುತ್ತಿದ್ದುದೂ ಅದನ್ನೇ: ನೊಣದ ಮರಿಹುಳುವಿನಲ್ಲಿ ಎಳೆ ಕಣಗಳಿಗೆ ಬಲಿಯಿರಿ ಎಂದು ಅಪ್ಪಣೆ ಕೊಡುವುದು ಯಾವುದು?

ಒಂದು ದಿನ, ಮೇಡಂ ಒಂದು ಜೀನ್ ಕೆಡಿಸಿದ್ದ ಹುಳುಗಳಲ್ಲಿ ಕಣಗಳು ಬೇಗ ಬಲಿತವು. ಅವಳು ಆಸ್ಪತ್ರೆಗೆ ಓಡಿ ತಮ್ಮನಿಗೆ ಹೇಳಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೀವು ನೊಣಕ್ಕೆ ಹಾಕ್ತಿದೀರಲ್ಲೇ ಅಕ್ಕ" ಎಂದು ನಕ್ಕ. ಆದರೆ ಆ ವಾರದಲ್ಲಿ ಮೊದಲ ಸಲ ನಾಲ್ಕು ತುತ್ತು ಉಂಡ. ಆಮೇಲೆ ದಿನವೂ ಕೇಳತೊಡಗಿದ, ನಿನ್ನ ನೊಣ ಏನಂತವೆ ಎಂದು.

ವಾರ ಕಳೆದು ಮೇಡಂ ಅಡುಗೆಕೋಣೆಗೇ ಬಂದು ವಿವರಿಸಿದಳು. ಯೀಸ್ಟ್ ಸಾಲದೆ ಹಸಿದರೂ ಹುಳುಗಳ ಕಣ ಹೀಗೇ ಬೇಗ ಬಲಿಯುತ್ತವಂತೆ. ಇವು ಹೊಟ್ಟೆ ತುಂಬ ತಿಂದ ಹುಳುಗಳಾದ್ದರಿಂದ ಇದು ಜೀನಿನದೇ ಕೆಲಸವಂತೆ.

ಅವಳ ಕೈಯ ಸೌಟು ನಿಂತಿತು. ಆ ಹುಳುಗಳಿಗೆ ಊಟ ಕುದಿಸಿದ ದಿನ ಯೀಸ್ಟ್ ಡಬ್ಬಿ ತಳ ಕಂಡಿತ್ತು. ಇನ್ನೊಂದು ಬರುವವರೆಗೆ ಕಾದರೆ ಆಸ್ಪತ್ರೆಯಲ್ಲಿ ಒಳಗೆ ಬಿಡುವ ಹೊತ್ತು ಮೀರುತ್ತದೆಂದು ಅರ್ಧ ಅಳತೆಯಲ್ಲೇ ಕುದಿಸಿ ಓಡಿದ್ದಳು. ನೊಣಕ್ಕೇನು ತಿಳಿಯುತ್ತದೆ ಅಂದುಕೊಂಡಿದ್ದಳು. ಜೀನ್ ಕೆಡಿಸಿದ ಹುಳುಗಳು ಬೆಳೆದದ್ದು ಆ ಸೀಸೆಗಳಲ್ಲಿ. ಹೋಲಿಸಿ ನೋಡಲು ಇಟ್ಟಿದ್ದ, ಜೀನ್ ಕೆಡಿಸದ ಹುಳುಗಳು ಹಿಂದಿನ ವಾರದ ಪೂರ್ತಿ ಊಟದಲ್ಲಿ.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸುಳ್ಳಿನಿಂದ ಹುಟ್ಟಿದ ಔಷಧಿಗೆ ಯಾರ ತಮ್ಮ ಬದುಕುತ್ತಾನೆ? ಹೇಳಿಬಿಟ್ಟಳು.

ಮೇಡಂ ಸ್ಟೂಲಿನ ಮೇಲೆ ಕುಸಿದು, "ಮತ್ತೆ ಮಾಡೋಣ ಅಕ್ಕ, ಈ ಸಲ ಸರಿಯಾಗಿ ತೂಕ ಹಾಕಿ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಾಗದಂತೆ ತೂಗಿದಳು. ಎರಡು ವಾರಕ್ಕೆ ಮೇಡಂ ಸೂಕ್ಷ್ಮದರ್ಶಕದಿಂದ ಮುಖವೆತ್ತಿ ಇಲ್ಲವೆಂದು ತಲೆಯಾಡಿಸಿದಳು. ಎರಡೂ ಬಗೆಯ ಹುಳುಗಳಲ್ಲಿ ಕಣಗಳು ಎಳೆಯವೇ.

ಸಂಜೆ ತಮ್ಮ ಕಣ್ಣು ತೆರೆಯದೆಯೇ ಕೇಳಿದ.

"ನಿನ್ನ ನೊಣ ಏನಂತವೆ?"

"ಹೊಟ್ಟೆ ತುಂಬ ತಿಂತಿವೆ ಕಣೋ."

ಕಣಗಳ ಮಾತನ್ನು ಅವಳು ಎತ್ತಲಿಲ್ಲ. ಅವಳು ಮುಂದೆ ಹಿಡಿದಿದ್ದ ತಟ್ಟೆಯನ್ನು ಅವನು ಬೆರಳಿನಿಂದ ಆಚೆ ತಳ್ಳಿದ.