ದಕ್ಷಿಣೇ ತೀರೇ

ದ್ವೀಪಕ್ಕೆ ಹೋಗುವವರ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಹದಿಮೂರರ ಮುಂದೆ ಸರಿ ಗುರುತು ಬಿದ್ದಿತ್ತು. ಹದಿನಾಲ್ಕನೆಯದು ನನ್ನ ಗಂಡ ಗೋಪಿನಾಥ ಭಟ್ಟರದು. ಅದರ ಮುಂದೆ ನಮ್ಮ ಶಾಲೆಯ ಕಿರಿಯ ಟೀಚರ್ ಸಂಹಿತಾ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಳು.

ಜನವರಿ ಕೊನೆಗೆ ನನ್ನ ನಿವೃತ್ತಿ. ಭಾಗಮಂಡಲದ ಸುತ್ತಮುತ್ತಲಿನ ಮಕ್ಕಳಿಗೆ ಮೂವತ್ನಾಲ್ಕು ವರ್ಷ ಅಕ್ಷರ ತಿದ್ದಿಸಿದ್ದಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ ಯಾವುದೂ ಬೇಡ ಎಂದಿದ್ದೆ. “ಮತ್ತೆ ಎಂತ ಬೇಕು ಟೀಚರೇ?” ಎಂದಳು ಸಂಹಿತಾ. “ದೋಣೀಲಿ ಕೂತು ಒಂದು ದ್ವೀಪಕ್ಕೆ ಹೋಗ್ಬೇಕು. ಇಡೀ ದಿನ ಅಲ್ಲೇ ಇರ್ಬೇಕು” ಎಂದುಬಿಟ್ಟೆ. ನಾಲ್ಕೂ ಕಡೆ ನೀರಿದ್ದರೆ ದ್ವೀಪ ಎಂದು ಅಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಒಂದರ ಮೇಲೂ ಕಾಲಿಟ್ಟವಳಲ್ಲ.

ಸಂಹಿತಾ ಹೇಳಿದರೆ ಮಾಡುವ ಹುಡುಗಿ. ಶನಿವಾರ ಮಧ್ಯಾಹ್ನ ವ್ಯಾನಿನಲ್ಲಿ ಹೊರಟು ಉಡುಪಿಯಲ್ಲಿ ಉಳಿಯುವುದು, ಭಾನುವಾರ ಬೆಳಿಗ್ಗೆ ಮಲ್ಪೆಯಿಂದ ಮೊದಲ ದೋಣಿ, ಬುತ್ತಿಗೆ ಪುಳಿಯೋಗರೆ, ಸಂಜೆ ಕೊನೆಯ ದೋಣಿಗೆ ವಾಪಸು. ತೆಂಗಿನ ಮರಗಳ, ಕಂಬಗಳ ಹಾಗೆ ನಿಂತ ಕಲ್ಲುಗಳ ಫೋಟೋಗಳನ್ನು ಕಳಿಸಿ ನನಗೆ ಆಸೆ ಹುಟ್ಟಿಸಿದಳು. “ದೊಡ್ಡ ದೋಣಿ ದಡದ ತನಕ ಹೋಗಲ್ವಂತೆ. ಸಣ್ಣ ದೋಣಿಗೆ ಇಳಿದು, ಆಮೇಲೆ ಮೊಣಕಾಲು ನೀರಲ್ಲಿ ನಡೀಬೇಕು” ಎಂದೂ ಬರೆದಿದ್ದಳು. ಅದನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಿದ್ದೇ ತಪ್ಪಾಯಿತು.

ಅಲ್ಲಿಂದ ಇವರ ನೆಪಗಳು ಶುರುವಾದವು. ಮೊದಲು, ಆ ಭಾನುವಾರ ಯಾರದೋ ತಿಥಿ ಒಪ್ಪಿಕೊಂಡಿದ್ದೇನೆ ಎಂದರು. ಆಮೇಲೆ, ನಕ್ಷತ್ರ ಪ್ರಯಾಣಕ್ಕೆ ಒಳ್ಳೆಯದಲ್ಲ ಎಂದರು. ಗುರುವಾರ ಸಂಜೆ ಪಂಚಾಂಗ ಮಡಚಿಟ್ಟು ದೊಡ್ಡ ಬಾಣವನ್ನೇ ಬಿಟ್ಟರು.

“ಸಮುದ್ರ ದಾಟುದು ನಿಷಿದ್ಧ, ಅನ್ನಪೂರ್ಣ. ಪುರೋಹಿತನಾದವ ದಾಟ್ಲಿಕ್ಕಿಲ್ಲ.”

“ದಾಟುದೆಲ್ಲಿ ಬಂತು? ಅರ್ಧ ಗಂಟೆ ದಾರಿ. ದಡ ಕಾಣ್ತಾ ಇರ್ತದೆ!”

“ಅರ್ಧ ಗಂಟೆಯಾದ್ರೂ ಸಮುದ್ರ ಸಮುದ್ರವೇ.”

ನನಗೆ ಸಿಟ್ಟು ನೆತ್ತಿಗೇರಿತು. “ಊರಲ್ಲಿ ಸತ್ತವರಿಗೆಲ್ಲ ನಿಮ್ಮ ಹತ್ರ ಪುರುಸೊತ್ತು ಉಂಟು. ಬದುಕಿರುವ ಹೆಂಡತಿ ಜೊತೆ ಒಂದು ದಿನ ಕೂರ್ಲಿಕ್ಕೆ ಇಲ್ಲ” ಎಂದೆ. ಇವರು ಪಂಚಾಂಗವನ್ನು ಮತ್ತೆ ಬಿಡಿಸಿಕೊಂಡರು. ಮಾತಿಗೆ ಮಾತು ಕೊಡದ ಗಂಡನ ಮೇಲೆ ಸಿಟ್ಟು ಮಾಡುವುದು ಬಹಳ ಕಷ್ಟ, ಆದರೂ ಮಾಡಿದೆ. ದ್ವೀಪ ನೋಡುವ ಆಸೆ ನಿಜ. ಆದರೆ ಇವರಿಲ್ಲದೆ ನೋಡುವ ಆಸೆ ನನಗೆ ಒಂದಿಷ್ಟೂ ಇರಲಿಲ್ಲ, ಅದೇ ತೊಂದರೆ.

ಶುಕ್ರವಾರ ಬೆಳಿಗ್ಗೆ ಇವರು ನದಿಗೆ ಹೋಗುವಾಗ ಎಳ್ಳಿನ ಡಬ್ಬಿ ಮರೆತು ಹೋಗಿದ್ದರು. ಬೇಕಾದರೆ ತಾವೇ ಬಂದು ಒಯ್ಯಲಿ ಎಂದುಕೊಂಡೆ. ಐದು ನಿಮಿಷವೂ ತಡೆಯಲಾಗಲಿಲ್ಲ, ಬಸ್ಸು ತಪ್ಪಿದರೂ ಸರಿ ಎಂದು ಡಬ್ಬಿ ಹಿಡಿದು ಹೊರಟೆ. ಇವರು ಸಂಗಮದಲ್ಲಿ ಸಂಕಲ್ಪ ಹೇಳಿಸುವ ಪುರೋಹಿತರು. ಬೆಳಿಗ್ಗೆ ಅಲ್ಲಿ ಹೇಗಿರುತ್ತಾರೆಂದು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಆ ಹೊತ್ತಿಗೆ ನನಗೆ ದಿನವೂ ಊಟದ ಡಬ್ಬಿ ಕಟ್ಟಿಕೊಂಡು ಬಸ್ಸಿಗೆ ಓಡುವ ಗಡಿಬಿಡಿ.

ಮಂಜು ಇನ್ನೂ ಬಿಟ್ಟಿರಲಿಲ್ಲ. ಇವರು ನೀರು ತಾಗದ ಮೆಟ್ಟಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಎಡಗೈ ಕಬ್ಬಿಣದ ಕಂಬಿಯನ್ನು ಹಿಡಿದಿತ್ತು. ಬಲಗೈಯಿಂದ ಚೊಂಬಿನಲ್ಲಿ ನೀರು ಮೊಗೆದು ತಲೆಗೆ ಹೊಯ್ದುಕೊಳ್ಳುತ್ತಿದ್ದರು. ಪ್ರತಿ ಸಲ ಬಗ್ಗುವಾಗಲೂ ಕಂಬಿ ಹಿಡಿದ ಬೆರಳು ಬೆಳ್ಳಗಾಗುತ್ತಿತ್ತು. ಅಷ್ಟರಲ್ಲಿ ಶನಿವಾರಸಂತೆ ಕಡೆಯ ಒಂದು ಕುಟುಂಬ ಬಂತು. ಅವರಲ್ಲೊಬ್ಬ ಅಜ್ಜಿ ನೀರಿಗಿಳಿಯಲು ಹಿಂದೆ ಮುಂದೆ ನೋಡಿದರು. “ಹೆದರ್ಬೇಡಿ ಅಮ್ಮ, ತಾಯಿ ಮಡಿಲು ಅದು. ಮೂರು ಮುಳುಗು ಹಾಕಿ” ಎಂದರು ಇವರು, ಕಂಬಿ ಬಿಡದೆ.

ಅಜ್ಜಿ ಮೂರು ಮುಳುಗು ಹಾಕಿದರು. ನಾನು ಎಳ್ಳಿನ ಡಬ್ಬಿಯನ್ನು ಮೇಲಿನ ಮೆಟ್ಟಿಲಲ್ಲಿಟ್ಟು ಸದ್ದಿಲ್ಲದೆ ಹಿಂದೆ ಬಂದೆ.

ದಾರಿಯುದ್ದಕ್ಕೂ ಅದೇ ಯೋಚನೆ. ಸಾವಿರಾರು ಜನರನ್ನು ನೀರಿಗಿಳಿಸಿದ ಮನುಷ್ಯ ತಾನು ಒಂದು ದಿನವೂ ಇಳಿದಿಲ್ಲ. ಹೇಳಲಿಕ್ಕೂ ಆಗುವುದಿಲ್ಲ. ನದಿಗೆ ಹೆದರುವ ಪುರೋಹಿತನನ್ನು ಸಂಗಮದಲ್ಲಿ ಯಾರು ಕರೆದಾರು? ಇಷ್ಟು ವರ್ಷ ಮಡಿ, ಶೀತ, ಮಂಡಿನೋವು ಎಂದು ಏನೇನೋ ಹೇಳುತ್ತಿದ್ದುದೆಲ್ಲ ನೆನಪಾಯಿತು. ನಾನು ಎಲ್ಲವನ್ನೂ ನಂಬಿದ್ದೆ. ಎಂಥ ಟೀಚರ್ ನಾನು!

ನೇರವಾಗಿ ಕೇಳಿದರೆ ಇವರು ಒಪ್ಪುವವರಲ್ಲ. ಆದರೆ ನನ್ನ ಕೈಯಲ್ಲೊಂದು ಉಪಾಯವಿತ್ತು. ತರಗತಿಯಲ್ಲಿ ಬಾಯಿಬಿಡದ ಮಕ್ಕಳಿದ್ದರೆ ಬೋರ್ಡಿನ ಮೇಲೆ ಬೇಕೆಂದೇ ತಪ್ಪು ಬರೆಯುತ್ತೇನೆ. ಮೂಲೆಯಲ್ಲಿ ಮುದುಡಿ ಕೂತ ಮಗುವೂ ತನ್ನನ್ನು ಮರೆತು “ಟೀಚರ್, ತಪ್ಪು!” ಎಂದು ಎದ್ದು ಓಡಿ ಬರುತ್ತದೆ.

ಇವರಿಗೆ ತಡೆಯಲಾಗದ ತಪ್ಪು ಯಾವುದೆಂದು ಊರಿಗೇ ಗೊತ್ತು. ಸಂಕಲ್ಪವೆಂದರೆ ನಾವು ದೇವರಿಗೆ ಕೊಡುವ ವಿಳಾಸ: ಯಾವ ದಿನ, ಯಾವ ಜಾಗ, ಯಾರು. ಬಯಲುಸೀಮೆಯಿಂದ ಬಂದ ಕೆಲವರು ಬಾಯಿಪಾಠ ಮಾಡಿದ್ದನ್ನೇ ಹಿಡಿದು, ಕಾವೇರಿಯಲ್ಲಿ ನಿಂತುಕೊಂಡೇ ‘ಗೋದಾವರ್ಯಾಃ ದಕ್ಷಿಣೇ ತೀರೇ’, ಗೋದಾವರಿಯ ದಕ್ಷಿಣ ದಡದಲ್ಲಿ, ಎಂದು ಹೇಳಿಬಿಡುತ್ತಾರೆ. ಅದು ಕಿವಿಗೆ ಬಿದ್ದರೆ ಇವರಿಗೆ ಮೈಯೆಲ್ಲ ಉರಿ.

ಶನಿವಾರ ಬೆಳಿಗ್ಗೆ ಇವರ ಜೊತೆಗೇ ಹೊರಟೆ. “ಕೆಲಸ ಮುಗೀತಾ ಬಂತಲ್ಲ, ಮುಳುಗು ಹಾಕ್ತೇನೆ” ಎಂದೆ. ಪಟ್ಟಿ ಮುಗಿಸಲು ಸಂಹಿತಾ ಕೊಟ್ಟಿದ್ದ ಕೊನೆಯ ದಿನ ಅದು, ಹೊರಡಲು ಇನ್ನೂ ಒಂದು ವಾರವಿತ್ತು. ಸಂಗಮದಲ್ಲಿ ಬೇರೆ ಯಾರೂ ಬಂದಿರಲಿಲ್ಲ. ಸೀರೆ ಸೆರಗು ಸಿಕ್ಕಿಸಿಕೊಂಡು ಸೊಂಟದವರೆಗೆ ಇಳಿದೆ. ಆ ಚಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಕೈಮುಗಿದು, ಯಾರನ್ನೂ ಕೇಳದೆ ಗಟ್ಟಿಯಾಗಿ ಶುರುಮಾಡಿದೆ.

“...ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ...”

“ಏ! ಎಂತ ಗೋದಾವರಿ?”

“ಗೋದಾವರ್ಯಾಃ ದಕ್ಷಿಣೇ ತೀರೇ” ಎಂದೆ ಇನ್ನೂ ಗಟ್ಟಿಯಾಗಿ.

“ನಿಲ್ಸು ಮಾರಾಯ್ತಿ! ಕಾಲಡಿಯಲ್ಲಿ ಕಾವೇರಿ ಹರೀತಾ ಇದ್ದಾಳೆ, ಕನ್ನಿಕೆ ಇದ್ದಾಳೆ, ಕಣ್ಣಿಗೆ ಕಾಣದ ಸುಜ್ಯೋತಿ ಇದ್ದಾಳೆ. ಪುರೋಹಿತನ ಹೆಂಡತಿಯಾಗಿ ನಿನಗೆ ನಾಚಿಕೆ...” ಎನ್ನುತ್ತ ಇವರು ಕಂಬಿ ಬಿಟ್ಟು ದಡದಡನೆ ಇಳಿದು ಬಂದರು. ನನ್ನ ಮುಗಿದ ಕೈಗಳನ್ನು ಬಿಡಿಸಿ, ಬಲಗೈಯನ್ನು ಸರಿಯಾಗಿ ಹಿಡಿಸಿದರು. “ಹೇಳು, ಕಾವೇರೀ ಕನ್ನಿಕಾ ಸುಜ್ಯೋತಿ ಸಂಗಮೇ...”

ಅಷ್ಟು ಹೇಳಿ ನಿಂತರು. ಪಂಚೆ ನೀರಿನಲ್ಲಿ ತೇಲುತ್ತಿತ್ತು. ಒಮ್ಮೆ ಕೆಳಗೆ ನೋಡಿದರು, ಒಮ್ಮೆ ಹಿಂದೆ ದೂರ ಉಳಿದ ಕಂಬಿಯನ್ನು ನೋಡಿದರು. ಆಮೇಲೆ ನನ್ನ ತೋಳನ್ನು ಎರಡೂ ಕೈಯಲ್ಲಿ ಅವಚಿ ಹಿಡಿದರು.

“ನಿನಗೆ ಗೊತ್ತಿತ್ತಾ?”

“ನಿನ್ನೆ ಗೊತ್ತಾಯ್ತು.”

“ಹೆದರಿಕೆ ಆಗ್ತದೆ ಅನ್ನಪೂರ್ಣ” ಎಂದರು. ಅರವತ್ತನಾಲ್ಕರ ಗಂಡಸಿನ ಬಾಯಲ್ಲಿ ಮೊದಲ ಸಲ ಬಂದ ಮಾತು. “ಎಂಟು ವರ್ಷ ಆಗ ನನಗೆ. ಕಕ್ಕಡ ತಿಂಗಳ ಜಡಿಮಳೆ. ಇಲ್ಲೇ ಕಾಲು ಜಾರಿತು. ಅಪ್ಪ ಜುಟ್ಟು ಹಿಡಿದು ಎಳೆದು ಹಾಕಿದ್ರು. ‘ಯಾರಿಗೂ ಹೇಳ್ಬೇಡ, ನಾಳೆ ನೀನೇ ಇಲ್ಲಿ ನಿಲ್ಲಬೇಕಾದವ’ ಅಂದ್ರು. ಹೇಳಲಿಲ್ಲ.”

ನನಗೆ ಅಳು ಬಂತು. ಮೊನ್ನೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. ಕೈಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದೆವು. ಇವರು ಮುಳುಗು ಹಾಕಲಿಲ್ಲ, ನಾನೂ ಹಾಕಿ ಎನ್ನಲಿಲ್ಲ.

“ನೀವು ಬಾರದಿದ್ರೂ ಅಡ್ಡಿ ಇಲ್ಲ. ನಾನೂ ಹೋಗುದಿಲ್ಲ. ಇಬ್ಬರೂ ಮನೇಲಿ ಕೂತು ಪುಳಿಯೋಗರೆ ತಿನ್ನುವ” ಎಂದೆ. ಮನಸ್ಸಿನಿಂದಲೇ ಹೇಳಿದ್ದು ಅದು.

ಇವರು ಪಂಚೆ ಹಿಂಡಿ ಕೊಡವಿದರು. “ದೋಣಿಯಲ್ಲಿ ಹಿಡ್ಕೊಳ್ಳಲಿಕ್ಕೆ ಕಂಬಿ ಉಂಟಾ ಕೇಳು ಆ ಹುಡುಗಿ ಹತ್ರ” ಎಂದರು.

ಸಂಹಿತಾಗೆ ಫೋನ್ ಮಾಡಿದೆ. ಕಂಬಿ ಇತ್ತು, ತೇಲುವ ಜಾಕೆಟ್ಟೂ ಇತ್ತು. ಅವಳು ಪ್ರಶ್ನಾರ್ಥಕ ಚಿಹ್ನೆ ಅಳಿಸಿ ಸರಿ ಗುರುತು ಹಾಕಿದಳು.

ಆಮೇಲಿನ ಒಂದು ವಾರ ಇವರಿಗೆ ಬೇರೆಯದೇ ಚಿಂತೆ. ದೋಣಿ ಹೊರಟ ಮೇಲೆ ಸಂಕಲ್ಪ ಮಾಡಲೇಬೇಕು, ಆದರೆ ನಡುನೀರಿನಲ್ಲಿ ಯಾವ ತೀರವೆಂದು ಹೇಳುವುದು? ಬುತ್ತಿಯ ಮಾತು ತೆಗೆದರೂ ಅದೇ, ಟೋಪಿಯ ಮಾತು ತೆಗೆದರೂ ಅದೇ. “ತಪ್ಪು ವಿಳಾಸ ಕೊಡ್ಲಿಕ್ಕಾಗುದಿಲ್ಲ” ಎನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಮಲ್ಪೆಯಲ್ಲಿ ದೋಣಿ ಹತ್ತಿದೆವು. ಕಿತ್ತಳೆ ಜಾಕೆಟ್ಟಿನೊಳಗೆ ಇವರು ನನ್ನ ಎಡಕ್ಕೆ ಕೂತರು. ಇಂಜಿನ್ ಶುರುವಾಗಿ ದೋಣಿ ಪಡುವಣಕ್ಕೆ ತಿರುಗಿದ್ದೇ ತಡ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಕಂಬಿ ಪಕ್ಕದಲ್ಲೇ ಇತ್ತು. ಹಿಡಿದದ್ದು ನನ್ನ ಕೈಯನ್ನು. ತುಟಿ ಅಲ್ಲಾಡುತ್ತಿತ್ತು. ಯಾವ ತೀರ ಹೇಳುತ್ತಾರೋ ಎಂದು ನಾನು ಬಗ್ಗಿ ಕಿವಿಗೊಟ್ಟೆ.

“...ಭರತಖಂಡೇ, ಪಶ್ಚಿಮ ಸಮುದ್ರ ಮಧ್ಯೇ, ಅನ್ನಪೂರ್ಣೇಶ್ವರ್ಯಾಃ ದಕ್ಷಿಣೇ ತೀರೇ...”

ಪಡುವಣಕ್ಕೆ ಮುಖ ಮಾಡಿದವಳ ಎಡಗಡೆ ಎಂದರೆ ದಕ್ಷಿಣವೇ. ವಿಳಾಸ ಸರಿಯಾಗಿತ್ತು.