ಬತ್ತೀನಿ ಎಂಬ ಹೆಸರಿನವನು

ಅದು ಯಾವುದೋ ಮಾಯಾಲೋಕದ ಕಾದಂಬರಿಯಿಂದ ಮಾಡಿದ ವಿಡಿಯೋ ಗೇಮ್. ಅಂಗೈಯಗಲದ ಯಂತ್ರ. ಶುರುವಿನಲ್ಲೇ ಅದು ನಾಯಕನ ಹೆಸರು ಕೇಳಿತ್ತು. ನಮ್ಮ ದೇವರಾಜಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹೊರಡುವಾಗ ಏನು ಹೇಳುತ್ತೀಯ ಎಂದು ಕೇಳುತ್ತಿದೆ ಅಂದುಕೊಂಡು ಇಂಗ್ಲಿಷ್ ಅಕ್ಷರದಲ್ಲೇ 'ಬತ್ತೀನಿ' ಎಂದು ಒತ್ತಿಬಿಟ್ಟ. ನಮ್ಮ ಕಾಮಗೆರೆಯಲ್ಲಿ ಮನೆ ಬಿಡುವವರು ಹೋಗುತ್ತೇನೆ ಎಂದು 'ಓಯ್ತೀನಿ' ಅನ್ನಬಾರದು, ತಿರುಗಿ ಬರುತ್ತೇನೆ ಎಂದು 'ಬತ್ತೀನಿ' ಅನ್ನಬೇಕು. ಅಂದರೆ ಅವ್ವ ವಾಪಸ್ ಕರೆದು, ನೀರು ಕುಡಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಿದ್ದಳು. ಹಾಗಾಗಿ ಆಟದ ರಾಜ, ರಾಕ್ಷಸ, ದೋಣಿಯವನು ಎಲ್ಲರೂ ಆ ಕತ್ತಿ ಹಿಡಿದ ಪುಟಾಣಿಯನ್ನು ಬತ್ತೀನಿ ಎಂದೇ ಕರೆದರು. ನಾನು ಬಿದ್ದು ಬಿದ್ದು ನಗುತ್ತಿದ್ದೆ.

ಸತ್ತೇಗಾಲದ ಹತ್ತಿರ ಹೊಳೆಗೆ ಈಜಲು ಹೊರಟ ದಿನ ಅಣ್ಣ ಅವಸರದಲ್ಲಿ 'ಓಯ್ತೀನಿ ಕಣವ್ವ' ಅಂದ. ಒಲೆ ಮುಂದಿದ್ದ ಅವ್ವ ವಾಪಸ್ ಕರೆಯಲಿಲ್ಲ. ಅವನ ಚಪ್ಪಲಿ ಮಾತ್ರ ಸಿಕ್ಕಿತು. ಹದಿನೆಂಟು ವರ್ಷ ಅವ್ವ ಆ ಮಾತೆತ್ತಲಿಲ್ಲ, ನಾನು ಆ ಆಟ ಮುಟ್ಟಲಿಲ್ಲ. ಅವನು ನಿಲ್ಲಿಸಿದ ಕಡೆಯೇ, ಕಾಡಿನ ಬಾಗಿಲಲ್ಲಿ, ಬತ್ತೀನಿ ನಿಂತೇ ಇದ್ದ.

ಮೊನ್ನೆ ಟ್ರಂಕಿನೊಳಗೆ ಆಟದ ರಾಗ ಕೇಳಿಸಿತು. ಯಂತ್ರದಲ್ಲಿ ಸೆಲ್ಲೇ ಇರಲಿಲ್ಲ. ಕೊಳ್ಳೇಗಾಲಕ್ಕೆ ಹೋಗಿ ರಿಪೇರಿಯ ನಾಗಯ್ಯನಿಗೆ ತೋರಿಸಿದೆ.

"ಆಟದ ಕ್ಯಾಸೆಟ್ ಒಳ್ಗಡೆ ಆಡಿದ್ದ ನೆಪ್ಪಿಟ್ಕಳಾ ಸಣ್ಣ ಸೆಲ್ ಅದೆ ಕಣಮ್ಮ, ಇವತ್ತೋ ನಾಳೆನೋ ಓಯ್ತದೆ. ಬ್ಯಾರೆ ಆಕುದ್ರೂ ನಿಮ್ಮಣ್ಣ ಆಡಿದ್ದು ಅಳ್ಸೋಯ್ತದೆ," ಎಂದ.

ಅಣ್ಣನನ್ನು ಇನ್ನೊಮ್ಮೆ ಕಳೆದುಕೊಳ್ಳಲು ನನ್ನಿಂದಾಗದು. ಗೆಲ್ಲುವುದು ಹಾಳಾಗಲಿ, ಈ ಬತ್ತೀನಿಯನ್ನಾದರೂ ಮನೆ ಮುಟ್ಟಿಸುತ್ತೇನೆ ಎಂದು ಹಟ ಹಿಡಿದೆ. ಬೆಳಿಗ್ಗೆ ಯಂತ್ರಕ್ಕೆ ಮಾತ್ರ ಹೊಸ ಸೆಲ್ ಹಾಕಿ ಜಗಲಿಯಲ್ಲಿ ಕೂತು ಅವನನ್ನು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಸಿದೆ. ಹೊಳೆಯನ್ನು ದೋಣಿಯವನಿಂದಲೇ ದಾಟಿಸಿದೆ, ಈಜಿಸಲಿಲ್ಲ. ಅವ್ವ ಬಂದು ಪಕ್ಕದಲ್ಲಿ ಕೂತಳು.

ಮಧ್ಯಾಹ್ನಕ್ಕೆ ಅವನ ಗುಡಿಸಲು ಕಂಡಿತು. ಬಾಗಿಲಲ್ಲಿ ಅವನ ತಾಯಿ. ಗುಂಡಿ ಒತ್ತಿದೆ, ಇಂಗ್ಲಿಷಿನಲ್ಲಿ ಒಂದು ಸಾಲು ಬಂತು.

"ಏನಂತವ್ಳೆ?" ಅವ್ವ ಕೇಳಿದಳು.

"'ಉಷಾರಾಗಿ ಓಗು, ಬತ್ತೀನಿ' ಅಂತ ಎಸ್ರಿಡ್ದು ಯೋಳ್ತಾವ್ಳೆ."

ಮತ್ತೆ ಒತ್ತಿದೆ. ಅದೇ ಸಾಲು. ಕಾದಂಬರಿಯಲ್ಲಿ ನಾಯಕ ಮನೆಗೆ ಮರಳುವುದೇ ಇಲ್ಲವಂತೆ. ಆಟದಲ್ಲೂ ಆ ತಾಯಿಗೆ ಮಗನನ್ನು ಕಳಿಸುವ ಮಾತೊಂದನ್ನೇ ಬರೆದಿದ್ದರು.

"ಬಾಗ್ಲಿಗ್ ಬಂದವ್ನ ಕಳುಸ್ತಾಳಲ್ಲ, ಬುದ್ಧಿ ಇಲ್ವಾ ಇವ್ಳಿಗೆ?" ಅವ್ವ ಗದರಿದಳು. ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದು ಯಂತ್ರದ ಪಕ್ಕದಲ್ಲಿಟ್ಟಳು. "ನೀರ್ ಕುಡಿ ಮಗ. ಸರ್ಯಾಗಿ ಯೋಳ್ಬುಟ್ಟು ಓಗೀವಂತೆ."

ಪರದೆ ನಡುಗಿತು. ಗುಡಿಸಲು ಮಾಸಿತು, ತಾಯಿ ಮಾಸಿದಳು, ಸಾಲು ಒಂದೊಂದೇ ಅಕ್ಷರವಾಗಿ ಅಳಿಸಿತು. ಕೊನೆಗೆ ಅವನ ಹೆಸರೊಂದೇ ಉಳಿಯಿತು.

"ಈಗೇನಂತಾನೆ?" ಎಂದಳು ಅವ್ವ.

ನಾನು ಓದಿ ಹೇಳಿದೆ.